ಹುಟ್ಟುಹಬ್ಬದ ಹಾಡಿನ ಹುಟ್ಟು



ಮಗುವಿನ ಹುಟ್ಟುಹಬ್ಬ ಬಂತೆಂದರೆ ನಾವೆಲ್ಲ ಸುತ್ತ ನಿಂತು ಇಂಗ್ಲಿಷಿನ ಆ ಒಂದು ಹಾಡು ಹೇಳುತ್ತೇವೆ. ಆರತಿ ಬೆಳಗುವ ಮನೆಗಳಲ್ಲಿಯೂ ಅದು ಬಂದು ನೆಲೆಸಿದೆ. ಆದರೆ ಅದನ್ನು ಕಟ್ಟಿದವರು ಯಾರು, ಯಾತಕ್ಕಾಗಿ ಕಟ್ಟಿದರು ಎಂದು ನಾವು ಎಂದಾದರೂ ವಿಚಾರಿಸಿದ್ದೇವೆಯೇ?

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಲೂಯಿವಿಲ್ ಎಂಬ ಪಟ್ಟಣವಿದೆ. ಅಲ್ಲಿ ಮಿಲ್ಡ್ರೆಡ್ ಹಿಲ್, ಪ್ಯಾಟಿ ಹಿಲ್ ಎಂಬ ಅಕ್ಕತಂಗಿಯರಿದ್ದರು. ಅಕ್ಕ ಸಂಗೀತ ಬಲ್ಲವರು. ತಂಗಿ ಶಿಶುವಿಹಾರದ ಶಿಕ್ಷಕಿ. ಅಕ್ಕ ರಾಗ ಹಾಕುವುದು, ತಂಗಿ ಮಾತು ಜೋಡಿಸುವುದು, ಅದನ್ನು ಮಕ್ಕಳಿಂದ ಹಾಡಿಸಿ ನೋಡುವುದು. ಎಳೆಯ ಕೊರಳಿಗೆ ಕಷ್ಟವೆನಿಸಿದರೆ ಮತ್ತೆ ತಿದ್ದುವುದು. ಹೀಗೆ ಹುಟ್ಟಿದ ಹಾಡುಗಳ ಪುಸ್ತಕ 1893ರಲ್ಲಿ ಅಚ್ಚಾಯಿತು. ಅದರಲ್ಲಿ 'ಗುಡ್ ಮಾರ್ನಿಂಗ್ ಟು ಆಲ್' ಎಂಬುದೊಂದು, ಬೆಳಿಗ್ಗೆ ಶಾಲೆಗೆ ಬಂದ ಮಕ್ಕಳಿಗೆ ಶುಭ ಕೋರುವ ಹಾಡು. ಆ ರಾಗಕ್ಕೇ ಹುಟ್ಟುಹಬ್ಬದ ಮಾತುಗಳು ಸೇರಿದವು. 1912ರ ಹೊತ್ತಿಗೆ ಅವೂ ಅಚ್ಚಿನಲ್ಲಿ ಬಂದವು.

ಮುಂದೆ ಏನಾಯಿತು ನೋಡಿ. 1935ರಲ್ಲಿ ಕ್ಲೇಟನ್ ಸಮ್ಮಿ ಕಂಪನಿಯು ಹಾಡಿನ ಹಕ್ಕನ್ನು ತನ್ನ ಹೆಸರಿಗೆ ನೋಂದಾಯಿಸಿತು. 1988ರಲ್ಲಿ ಅದು ವಾರ್ನರ್ ಕಂಪನಿಯ ಕೈಸೇರಿತು. ಮನೆಯಲ್ಲಿ ಹಾಡಿದವರನ್ನು ಯಾರೂ ಕೇಳಲಿಲ್ಲ. ಸಿನಿಮಾದಲ್ಲಿ ಹಾಡಿಸಬೇಕಾದರೆ ಹಣ ತೆರಬೇಕಾಯಿತು. ಈ ಹಾಡಿನ ಕುರಿತೇ ಚಿತ್ರ ತೆಗೆಯುತ್ತಿದ್ದ ಜೆನಿಫರ್ ನೆಲ್ಸನ್ ಎಂಬುವರು 1500 ಡಾಲರ್ ತೆತ್ತು, 2013ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಕಂಪನಿಗೆ ದೊರೆತಿದ್ದುದು ಪಿಯಾನೊ ಅಳವಡಿಕೆಗಳ ಹಕ್ಕು ಮಾತ್ರ, ಮಾತುಗಳ ಹಕ್ಕು ಎಂದೂ ದೊರೆತಿರಲಿಲ್ಲವೆಂದು ನ್ಯಾಯಾಧೀಶ ಜಾರ್ಜ್ ಕಿಂಗ್ 2015ರಲ್ಲಿ ತೀರ್ಪಿತ್ತರು. 2016ರಲ್ಲಿ 1 ಕೋಟಿ 40 ಲಕ್ಷ ಡಾಲರ್ ಕೊಡುವ ಒಪ್ಪಂದದೊಡನೆ ವ್ಯಾಜ್ಯ ಮುಗಿಯಿತು, ಹಾಡು ಎಲ್ಲರದಾಯಿತು.

ದುಡಿದವರಿಗೆ ದುಡಿಮೆಯ ಫಲ ಸಲ್ಲಬೇಕು, ಅದು ನ್ಯಾಯ. ಆದರೆ ಮಿಲ್ಡ್ರೆಡ್ ತೀರಿದ್ದು 1916ರಲ್ಲಿ, ಪ್ಯಾಟಿ 1946ರಲ್ಲಿ. ಅವರು ಹೋದ ಮೇಲೂ ಎಷ್ಟೋ ಕಾಲ, ಬಾವಿ ತೋಡದವರು ಬಾವಿಗೆ ಬೀಗ ಹಾಕಿ ಕುಳಿತಿದ್ದರು. ನಮ್ಮ ಬೀಸುವ ಪದ, ಸೋಬಾನೆ ಪದಗಳನ್ನು ಕಟ್ಟಿದ ತಾಯಂದಿರು ಹೆಸರನ್ನೂ ಉಳಿಸದೆ ಹೋದರು. ಹಾಡಿಗೆ ಬೀಗವಿರಲಿಲ್ಲ, ಆದ್ದರಿಂದ ಅದು ನಮ್ಮವರೆಗೆ ಬಂತು. ಹಾಡು ಎಲ್ಲರಿಗೂ ಸೇರಲಿ. ಕಟ್ಟಿದವರ ನೆನಪು ಮಾತ್ರ ಅಳಿಯದಿರಲಿ. ಅಷ್ಟು ಋಣ ನಮ್ಮ ಮೇಲಿದೆ.