ನರ ಸಿಗದಿದ್ದಾಗ ಕೈ ಇಳಿಬಿಡುವುದೇಕೆ? ಒಂದು ಉಪಾಯದ 400 ವರ್ಷ

ರಕ್ತದಾನಿಗಳ ಊರೆಂದೇ ಹೆಸರಾದ ನಮ್ಮ ಅಕ್ಕಿಆಲೂರಿನಲ್ಲಿ ರಟ್ಟೆಗೆ ಪಟ್ಟಿ ಕಟ್ಟಿಸಿಕೊಂಡು ಚೆಂಡು ಹಿಚುಕಿದವರು ಬಹಳ ಜನ. ಗಟ್ಟಿಮುಟ್ಟಾದ ದಾನಿಯ ಕೈಯಲ್ಲಿ ನರ ಬೇಗ ಉಬ್ಬುತ್ತದೆ. ಆ ರಕ್ತ ಬೇಕಾದ ರೋಗಿಯ ಕೈಯಲ್ಲಿ ಹಾಗಲ್ಲ. ಅಪಘಾತದಲ್ಲಿ ರಕ್ತ ಹೋದವರು, ವಾಂತಿ-ಭೇದಿಯಿಂದ ಬಸವಳಿದವರು ಬಂದಾಗ ‘ನರ ಸಿಗವಲ್ದು’ ಎಂಬ ಮಾತು ಕೇಳುತ್ತೇವೆ.

ನಾವು ನರ ಎನ್ನುವುದು ಹೃದಯಕ್ಕೆ ರಕ್ತ ಮರಳಿಸುವ ನಾಳ. ಮೈಯಲ್ಲಿ ರಕ್ತ, ನೀರು ಕಡಿಮೆಯಾದರೆ ಅದು ನೀರಿಲ್ಲದ ಪೈಪಿನಂತೆ ಚಪ್ಪಟೆಯಾಗುತ್ತದೆ. ಆಗ ನರ್ಸ್ ರೋಗಿಯ ಕೈಯನ್ನು ಮಂಚದಿಂದ ಕೆಳಗೆ ಇಳಿಬಿಡಿಸಿ, ಪಟ್ಟಿ ಕಟ್ಟುತ್ತಾರೆ.

ಇದು ಏಕೆ ಫಲಿಸುತ್ತದೆ ಎಂಬುದನ್ನು ತಿಳಿಸಿದ್ದು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ. 1628ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವರು ರಟ್ಟೆಗೆ ಕಟ್ಟು ಹಾಕಿ, ಅದರ ಕೆಳಗೆ ಉಬ್ಬಿದ ನಾಳಗಳನ್ನು ತೋರಿಸಿದರು. ನಾಳದೊಳಗಿನ ಕವಾಟಗಳು ರಕ್ತವನ್ನು ಹೃದಯದ ಕಡೆಗಷ್ಟೇ ಬಿಡುತ್ತವೆ. ದಾರಿಗೆ ಕಟ್ಟು ಬಿದ್ದರೆ, ಕೈ ಹೃದಯಕ್ಕಿಂತ ಕೆಳಗಿದ್ದರೆ, ರಕ್ತ ಅಲ್ಲೇ ತುಂಬಿ ನಿಲ್ಲುತ್ತದೆ.

ಮುಂದೆ ಕಾಲರಾ ಬಂತು. ಕಾಲರಾ ರೋಗಿಯ ರಕ್ತದಲ್ಲಿ ನೀರು, ಉಪ್ಪು ಕಡಿಮೆಯಾಗಿರುತ್ತದೆ ಎಂದು ಐರಿಶ್ ವೈದ್ಯ ಓ'ಶಾನೆಸ್ಸಿ ಕಂಡುಕೊಂಡರು. ಇದೇ ವೈದ್ಯರು ಮುಂದೆ ಕಲ್ಕತ್ತಾಕ್ಕೆ ಬಂದು ಕೆಲಸ ಮಾಡಿದರು. ಅವರ ಮಾತಿನ ಮೇಲೆ 1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಾಟಾ ಸಾಯುವ ಸ್ಥಿತಿಯಲ್ಲಿದ್ದ ವೃದ್ಧೆಯ ತೋಳಿನ ನಾಳಕ್ಕೆ ಉಪ್ಪುನೀರು ಹರಿಸಿದರು. ಆಕೆ ಚೇತರಿಸಿಕೊಂಡಳು, ಆದರೆ ವಾಂತಿ-ಭೇದಿ ಮರುಕಳಿಸಿದಾಗ ಮತ್ತೆ ಹರಿಸಲಿಲ್ಲ, ಆಕೆ ಉಳಿಯಲಿಲ್ಲ. ಇಂದು ನಾವು ‘ಸಲೈನ್ ಹಚ್ಚಿದರು’ ಎನ್ನುವ ಚಿಕಿತ್ಸೆಯ ಆರಂಭವದು.

ಕೈಯಲ್ಲಿ ನಾಳ ಸಿಗದಿದ್ದರೆ ವೈದ್ಯರು ಕುತ್ತಿಗೆಯ ನಾಳ ಹುಡುಕುತ್ತಾರೆ. ಆಗ ಮಂಚದ ತಲೆಭಾಗವನ್ನು ತಗ್ಗಿಸುತ್ತಾರೆ. ಈ ಭಂಗಿಗೆ ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ ಹೆಸರಿದೆ. ಅವರು ಅದನ್ನು ಕಿಬ್ಬೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಳಸುತ್ತಿದ್ದರು; 1885ರಲ್ಲಿ ಅವರ ಶಿಷ್ಯ ವಿಲ್ಲಿ ಮೇಯರ್ ಅದನ್ನು ಬರೆದು ಪ್ರಕಟಿಸಿದರು. ತಲೆ ತಗ್ಗಿದರೆ ಕುತ್ತಿಗೆಯ ನಾಳ ತುಂಬುತ್ತದೆ, ಸೂಜಿಯ ಮೂಲಕ ಗಾಳಿ ಒಳಸೇರುವ ಅಪಾಯವೂ ತಗ್ಗುತ್ತದೆ.

ಆದರೆ ಒಂದೇ ಭಂಗಿ ಎಲ್ಲರಿಗೂ ಹೊಂದದು. ಏದುಸಿರು ಬಿಡುವವರನ್ನು ಮಲಗಿಸಿದರೆ ಉಸಿರು ಇನ್ನಷ್ಟು ಕಟ್ಟಬಹುದು. ದಿನ ತುಂಬಿದ ಗರ್ಭಿಣಿ ಅಂಗಾತ ಮಲಗಿದರೆ ಗರ್ಭದ ಭಾರ ಹೊಟ್ಟೆಯ ದೊಡ್ಡ ನಾಳವನ್ನು ಒತ್ತುತ್ತದೆ. ಆಕೆಯನ್ನು ಎಡಮಗ್ಗುಲಿಗೆ ವಾಲಿಸುತ್ತಾರೆ.

ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ 2008ರಿಂದ ಓಡುತ್ತಿದೆ. ಅದರೊಳಗೆ ಸೂಜಿ ಹಾಕುವಾಗ ಜೊತೆಗಿರುವವರು ಮಾಡಬಹುದಾದದ್ದೂ ಇದೆ. ರೋಗಿಗೆ ಹೊದಿಕೆ ಹಾಕಿ ಬೆಚ್ಚಗಿಡಿ, ಚಳಿಗೆ ನಾಳ ಕುಗ್ಗುತ್ತದೆ. ಸಿಬ್ಬಂದಿ ಇಳಿಬಿಟ್ಟ ಕೈಯನ್ನು ಮರುಕದಿಂದ ಎತ್ತಿ ಎದೆಯ ಮೇಲಿಡಬೇಡಿ. ಗಾಯದಿಂದ ರಕ್ತ ಸುರಿಯುವ ಕೈಯನ್ನು ಮಾತ್ರ ಇಳಿಬಿಡದೆ, ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ದಾನಿ ಕೊಟ್ಟ ರಕ್ತ ರೋಗಿಯ ಮೈ ಸೇರುವುದು ಆ ಒಂದು ನರ ಸಿಕ್ಕ ಮೇಲೆಯೇ.