ನಾಣ್ಯದ ನುಡಿ, ನೆಲದ ಸಾಕ್ಷಿ

ಬೀಚನಹಳ್ಳಿಯ ಬಳಿ ಕಪಿಲೆಗೆ ಅಡ್ಡಲಾಗಿ ನಿರ್ಮಿಸಿದ ಕಬಿನಿ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಅದೇ ನದಿಯ ದಡದ ಕಿತ್ತೂರೇ ಪ್ರಾಚೀನ ಪುನ್ನಾಟ ರಾಜ್ಯದ ರಾಜಧಾನಿಯಾಗಿದ್ದ ಕೀರ್ತಿಪುರ. ಕ್ರಿ.ಶ. ಎರಡನೆಯ ಶತಮಾನದ ಭೂಗೋಳಜ್ಞ ಟಾಲೆಮಿಯು ರತ್ನಗಳು ದೊರೆಯುವ ಸ್ಥಳವೆಂದು ಹೆಸರಿಸಿದ್ದು ಈ ನಾಡನ್ನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಶಕ 705ರಲ್ಲಿ (ಕ್ರಿ.ಶ. 783) ಹರಿವಂಶಪುರಾಣವನ್ನು ರಚಿಸಿದ ಜಿನಸೇನಾಚಾರ್ಯರು ಪುನ್ನಾಟ ಸಂಘಕ್ಕೆ ಸೇರಿದವರು.

ಇಂತಹ ನೆಲದಲ್ಲಿ ನಿಧಿಯಾಸೆಯಿಂದ ಅಗೆದವನಿಗೆ ಬೆಳ್ಳಿಯ ನಾಣ್ಯವೊಂದು ದೊರೆಯಿತೆನ್ನೋಣ. ಅದರ ಕಾಲವನ್ನೂ ಸಾಚಾತನವನ್ನೂ ಅರಿಯುವ ಬಗೆ ಹೇಗೆ?

ಮೊದಲು ತೂಕ ಮತ್ತು ರೂಪಗಳನ್ನು ನೋಡಬೇಕು. ಸೂರ್ಯ, ಬೆಟ್ಟ, ವೃಕ್ಷಗಳ ಗುರುತುಗಳನ್ನು ಬಿಡಿಬಿಡಿಯಾಗಿ ಒತ್ತಿದ, ಸುಮಾರು 3.3 ಗ್ರಾಂ ತೂಗುವ ಬಿಲ್ಲೆಯು ಮೌರ್ಯರ ಕಾಲದ ಆಸುಪಾಸಿನ ಮುದ್ರಾಂಕಿತ ನಾಣ್ಯವಾಗಿರಬಹುದು. ಒಂದು ಬದಿಯಲ್ಲಿ ಎಲೆಯ ಮುಕುಟ ಧರಿಸಿದ ತಲೆ, ಇನ್ನೊಂದು ಬದಿಯಲ್ಲಿ ಕುಳಿತ ಸ್ತ್ರೀ ಇದ್ದು 3.7 ಗ್ರಾಂನಷ್ಟು ತೂಗಿದರೆ ರೋಮಿನ ಟೈಬೀರಿಯಸನ ದಿನಾರಿಯಸ್ ನಾಣ್ಯವಿರಬಹುದು. ವಿಕ್ಟೋರಿಯಾ ರಾಣಿಯ ರೂಪಾಯಿಯಾದರೋ 11.66 ಗ್ರಾಂ. ಅಚ್ಚಿನಿಂದ ಬಡಿದ ನಾಣ್ಯದ ಅಕ್ಷರಗಳು ಸ್ಫುಟವಾಗಿರುತ್ತವೆ. ಎರಕ ಹೊಯ್ದ ನಕಲಿಯ ಅಂಚಿನಲ್ಲಿ ಬೆಸುಗೆಯಂತಹ ಗೆರೆಯೂ ಮೈಮೇಲೆ ಸಣ್ಣ ಕುಳಿಗಳೂ ಕಾಣುವುದುಂಟು. ಹುಣಸೆಹಣ್ಣಿನಿಂದ ಉಜ್ಜಿ ಹೊಳಪು ತಂದರೆ ಈ ಕುರುಹುಗಳೇ ಅಳಿಯುತ್ತವೆ.

ಆದರೆ ನಾಣ್ಯದ ನಿಜವಾದ ಬೆಲೆ ಅದು ಮಲಗಿದ್ದ ಮಣ್ಣಿನಲ್ಲಿದೆ. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದಾಗ ಟೈಬೀರಿಯಸನ (ಕ್ರಿ.ಶ. 14–37) ಬೆಳ್ಳಿ ನಾಣ್ಯ ದೊರೆಯಿತು. ಅದು ಯಾವ ಪದರದಲ್ಲಿತ್ತೆಂಬುದು ದಾಖಲಾದುದರಿಂದಲೇ ಅಲ್ಲಿನ ಮಡಕೆ ಚೂರುಗಳ, ಸಾತವಾಹನ ನಾಣ್ಯಗಳ ಕಾಲನಿರ್ಣಯಕ್ಕೆ ಆಧಾರವಾಯಿತು. ಅದೇ ನಾಣ್ಯವನ್ನು ನಿಧಿಗಳ್ಳನು ಇರುಳಿನಲ್ಲಿ ಕಿತ್ತಿದ್ದರೆ ಅಕ್ಕಸಾಲಿಗನ ತಕ್ಕಡಿಗೆ ಬೀಳುವ ಕೆಲವು ಗ್ರಾಂ ಬೆಳ್ಳಿಯಷ್ಟೇ ಉಳಿಯುತ್ತಿತ್ತು. ಕದ್ದವನು ತಾಣವನ್ನು ಮರೆಮಾಚುತ್ತಾನೆ ಇಲ್ಲವೇ ಸುಳ್ಳು ಹೇಳುತ್ತಾನೆ. ಆಗ ಅಸಲಿ ನಾಣ್ಯವೂ ಸುಳ್ಳುಸಾಕ್ಷಿಯಾಗುತ್ತದೆ.

ಇಟ್ಟದ್ದನ್ನಾಗಲಿ, ಬಿದ್ದದ್ದನ್ನಾಗಲಿ, ಮರೆತದ್ದನ್ನಾಗಲಿ ಕೊಡದೆ ತೆಗೆದುಕೊಳ್ಳದಿರುವುದೇ ಅಚೌರ್ಯವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿವರಿಸಿದ್ದಾರೆ. 1962ರ ಕರ್ನಾಟಕ ನಿಧಿ ಕಾಯ್ದೆಯೂ ದೊರೆತ ನಿಧಿಯನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆನ್ನುತ್ತದೆ. ಉಳುವಾಗಲೋ ಪಾಯ ತೋಡುವಾಗಲೋ ನಾಣ್ಯ ಕಂಡರೆ ಅಗೆತ ನಿಲ್ಲಿಸಿ, ತಾಣವನ್ನು ಗುರುತಿಸಿ, ಇದ್ದಂತೆಯೇ ಒಪ್ಪಿಸುವುದು ಲೇಸು. ನಾಣ್ಯದ ಸಾಚಾತನಕ್ಕೆ ಮೊದಲ ಪುರಾವೆ ಕಂಡವನ ಸಾಚಾತನವೇ.