ಸಾವುಕಾರರ ದಾನದಲ್ಲಿ ಪಾಲಮೂರಿನ ಪಾಲು

ದುಡ್ಡಿದ್ದವರಿಗೆ ಕೊಡುವ ಮನಸ್ಸಿರುತ್ತದೆಯೇ? ಪಾಲಮೂರು ಎಂದು ಕರೆಯುವ ತೆಲಂಗಾಣದ ಮಹಬೂಬ್‌ನಗರ ಸೀಮೆಯ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲಿ ಈ ಮಾತು ಎತ್ತಿದರೆ ಕೆಲವರು ಜಾತ್ರೆಯ ದಾಸೋಹ ನಡೆಸುವ ಸಾವುಕಾರರನ್ನು ತೋರಿಸುತ್ತಾರೆ. ಉಳಿದವರು ಮುಂಬೈಗೋ ಬೆಂಗಳೂರಿಗೋ ದುಡಿಯಲು ಹೊರಟ ಕುಟುಂಬಗಳನ್ನು ತೋರಿಸಿ, ಆ ದಾನ ಇವರಿಗೇಕೆ ತಲುಪಲಿಲ್ಲ ಎನ್ನುತ್ತಾರೆ. ಇಬ್ಬರ ಮಾತೂ ನಿಜ. ಈ ಎರಡು ನಿಜಗಳು ಒಂದೇ ನೆಲದಲ್ಲಿ ಹೇಗೆ ಉಳಿದು ಬಂದವು ಎಂದು ತಿಳಿಯಬೇಕಾದರೆ ಸಾಕಷ್ಟು ಹಿಂದೆ ಹೋಗಬೇಕು.

ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ತುಂಗಭದ್ರೆಯ ದಂಡೆಯ ಆಲಂಪುರದಲ್ಲಿ ಬಾದಾಮಿ ಚಾಲುಕ್ಯರು ಕಟ್ಟಿಸಿದ ನವಬ್ರಹ್ಮ ದೇವಾಲಯಗಳಿವೆ, ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳೂ ಇವೆ. ದಾನಶಾಸನಗಳ ರೀತಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಕೊಟ್ಟವರ ಬಿರುದಾವಳಿ ಮೊದಲು ಬರುತ್ತದೆ, ಆಮೇಲೆ ಇಷ್ಟು ಮತ್ತರು ಭೂಮಿ, ದೇವರ ಅಂಗಭೋಗಕ್ಕೆ, ಸತ್ರಕ್ಕೆ ಎಂಬ ವಿವರ, ಕೊನೆಗೆ ದತ್ತಿಯನ್ನು ಕಸಿದವರಿಗೆ ಶಾಪ. ಅಂದಿನ ಸಿರಿವಂತರು ಧಾರಾಳವಾಗಿಯೇ ಕೊಟ್ಟರು. ಆದರೆ ಆ ಮತ್ತರುಗಳನ್ನು ಉತ್ತು ಬೆಳೆದವರ ಹೆಸರು ಕಲ್ಲಿನ ಮೇಲೆ ಸಿಗುವುದು ಅಪರೂಪ. ಈ ಭಾಗದ ದಾನದ ಚರಿತ್ರೆಯುದ್ದಕ್ಕೂ ನನಗೆ ಕಾಣುವ ಕೊರತೆ ಇದೇ.

ಮುಂದೆ ಗದ್ವಾಲ ಸಂಸ್ಥಾನ ಬಂತು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಅದರ ದೊರೆ ಸೋಮನಾದ್ರಿ ಕೋಟೆ ಕಟ್ಟಿಸಿದ. ಕಾರ್ತಿಕ, ಮಾಘ ಮಾಸಗಳಲ್ಲಿ ವಿದ್ವಾಂಸರನ್ನು ಕರೆಸಿ ಸಂಭಾವನೆ ಕೊಡುವ ಪದ್ಧತಿ ಬೆಳೆದು, ಊರಿಗೆ ‘ವಿದ್ವದ್ಗದ್ವಾಲ’ ಎಂಬ ಹೆಸರೇ ನಿಂತಿತು. ಈ ಸಂಸ್ಥಾನದ ಒಂದು ದಾನ ಇಂದಿಗೂ ನಡೆದಿದೆ. ಪ್ರತಿ ವರ್ಷ ತಿರುಮಲದ ಬ್ರಹ್ಮೋತ್ಸವಕ್ಕೆ ಗದ್ವಾಲದಿಂದ ಏರುವಾಡ ಜೋಡು ಪಂಚೆ ಹೋಗುತ್ತದೆ. ಹನ್ನೊಂದು ಗಜ ಉದ್ದ, ಎರಡೂವರೆ ಗಜ ಅಗಲ, ಎರಡೂ ಕಡೆ ಗೇಣುದ್ದ ಮೀರಿದ ಅಂಚು. ಇಷ್ಟು ಅಗಲದ ಬಟ್ಟೆ ಒಬ್ಬರ ಕೈಗೆ ಎಟುಕುವುದಿಲ್ಲ, ಹಲವರು ಜೊತೆಗೂಡಿ ಲಾಳಿ ಆಡಿಸಬೇಕು. ನೇಕಾರರು ಮಂಡಲ ಕಾಲ ವ್ರತ ಹಿಡಿದು ಇದನ್ನು ನೇಯುತ್ತಾರೆ. ಕಾಣಿಕೆ ಸಲ್ಲುವುದು ಸಂಸ್ಥಾನದ ಹೆಸರಿನಲ್ಲಿ. ನನ್ನ ಕಣ್ಣಿಗೆ ಆ ವ್ರತ, ಆ ದುಡಿಮೆಯೂ ಅಷ್ಟೇ ದೊಡ್ಡ ದಾನ.

ಜಾಗೀರುಗಳು 1949ರಲ್ಲಿ ರದ್ದಾದವು. ಕೋಟೆಯೊಳಗೆ ಈಗ ಮಹಾರಾಣಿ ಆದಿಲಕ್ಷ್ಮಿ ದೇವಮ್ಮನವರ ಹೆಸರಿನ ಸರ್ಕಾರಿ ಕಾಲೇಜಿದೆ. ಸಂಸ್ಥಾನದ ಹೆಸರು ಊರಿನ ಮಕ್ಕಳ ಓದಿಗೆ ಒದಗಿದ್ದು ನಿಜವಾದ ಸಂತೋಷದ ಸಂಗತಿ.

ಜಾಗೀರು ಹೋದ ಮೇಲಿನ ಇನ್ನೆರಡು ಪ್ರಸಂಗಗಳನ್ನು ಇಲ್ಲಿ ಹೇಳಲೇಬೇಕು. ಹೈದರಾಬಾದಿನ ನಿಜಾಮರು 1965ರಲ್ಲಿ ದೇಶದ ರಕ್ಷಣೆಗೆ ಐದು ಸಾವಿರ ಕಿಲೋ ಚಿನ್ನ ದಾನ ಕೊಟ್ಟರು ಎಂಬ ಕಥೆ ಇಂದಿಗೂ ಹರಿದಾಡುತ್ತದೆ. ಅವರು ಕೊಟ್ಟಿದ್ದು 425 ಕಿಲೋ, ಅದೂ ದಾನವಾಗಿ ಅಲ್ಲ, ಬಡ್ಡಿ ಬರುವ ಚಿನ್ನದ ಬಾಂಡಿನಲ್ಲಿ ತೊಡಗಿಸಿದ್ದು. ಅವರ ನಿಜವಾದ ಕೊಡುಗೆಗಳು ಬೇರೆಯೇ ಇವೆ, ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಕೊಟ್ಟ ದೇಣಿಗೆ ಅವುಗಳಲ್ಲೊಂದು. ಎರಡನೆಯದು ಭೂದಾನ. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ರಾಮಚಂದ್ರ ರೆಡ್ಡಿಯವರು ವಿನೋಬಾ ಭಾವೆಯವರ ಮುಂದೆ ನಿಂತು ನೂರು ಎಕರೆ ಕೊಟ್ಟರು. ಉಳುವವರ ಕೈಗೇ ನೆಲ ಕೊಡುವ ಮಾತು ಶ್ರೀಮಂತರ ಬಾಯಿಂದ ಆಗ ಬಂತು. ಆಮೇಲೆ ದೇಶದಾದ್ಯಂತ ಘೋಷಣೆಯಾದ ಜಮೀನಿನಲ್ಲಿ ಬಂಜರು ಎಷ್ಟೋ, ತಕರಾರಿನದು ಎಷ್ಟೋ. ದೊಡ್ಡ ಪಾಲು ಹಂಚಿಕೆಯಾಗಲೇ ಇಲ್ಲ.

ಕನ್ನಡ ನಾಡಿನಲ್ಲಿ ಇಷ್ಟರಲ್ಲೇ ಇನ್ನೊಂದು ದಾರಿ ತೆರೆದಿತ್ತು. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆ ಬರೆದಿಟ್ಟರು. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿ, ಹಳ್ಳಿಯ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯ ನಡೆಸಿದರು. ನಮ್ಮ ಗಡಿಭಾಗದಲ್ಲಿ ವ್ಯಾಪಾರಿಗಳ ದಾನ ಹೆಚ್ಚಾಗಿ ಅನ್ನದಾಸೋಹ, ಬೇಸಿಗೆಯ ಅರವಟ್ಟಿಗೆ, ಗುಡಿಯ ಜೀರ್ಣೋದ್ಧಾರಗಳಲ್ಲೇ ಉಳಿಯಿತು. ಗುಡಿಯ ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು ಬರೆಸಿರುತ್ತಾರೆ. ನಾನು ಅದನ್ನು ಹಳಿಯುವುದಿಲ್ಲ. ಆ ಗಾಳಿ ಬಡವರಿಗೂ ಬೀಸುತ್ತದೆ. ಆದರೆ ಹೆಸರು ಕಾಣುವ ಕಡೆಗೇ ಹಣ ಹರಿದರೆ ಶಾಲೆಯ ಸೋರುವ ಮಾಡು ಸೋರುತ್ತಲೇ ಇರುತ್ತದೆ. ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಅಶೋಕ ವಿಶ್ವವಿದ್ಯಾಲಯದ ಅಧ್ಯಯನದ ಪ್ರಕಾರ 2020-21ರಲ್ಲಿ ಭಾರತದ ಮನೆಗಳಿಂದ ಸುಮಾರು 23,700 ಕೋಟಿ ರೂಪಾಯಿ ದಾನ ಹೋಯಿತು, ಸಿಂಹಪಾಲು ಧಾರ್ಮಿಕ ಸಂಸ್ಥೆಗಳಿಗೆ.

ಕೊಡುವ ಮನಸ್ಸನ್ನೇ ಅಳೆಯಲು ಹೊರಟವರು ಇತ್ತೀಚಿನವರು. 2010ರಲ್ಲಿ ಅಮೆರಿಕದ ಪಾಲ್ ಪಿಫ್ ಮತ್ತು ಸಂಗಡಿಗರು, ಪ್ರಯೋಗದಲ್ಲಿ ಕೆಳವರ್ಗದವರೇ ಹೆಚ್ಚು ಕೊಟ್ಟರು ಎಂದರು. ಬಡವರ ಉದಾರತೆಯನ್ನು ಕಂಡುಂಡ ನಮಗೆ ಅದು ಹಿತವಾದ ಸುದ್ದಿ. 2015ರಲ್ಲಿ ಜರ್ಮನಿಯ ಕೋರ್ನ್‌ಡೋರ್ಫರ್ ಮತ್ತಿತರರು ಹಲವು ದೇಶಗಳ ಸಾವಿರಾರು ಜನರ ಮಾಹಿತಿ ಹರಡಿಕೊಂಡು ನೋಡಿದಾಗ ಫಲಿತಾಂಶ ತಿರುವುಮುರುವಾಯಿತು. ನೆದರ್ಲೆಂಡ್ಸಿನ ಪ್ರಯೋಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಒಳಗೆ ಹಣವಿರುವುದು ಹೊರಗೇ ಕಾಣುವಂಥ, ಬೇರೆಯವರ ವಿಳಾಸದ ಲಕೋಟೆಗಳನ್ನು ಮನೆಮನೆಗೆ ಹಾಕಿದರು. ಶ್ರೀಮಂತರ ಮನೆಗಳಿಂದಲೇ ಹೆಚ್ಚು ಲಕೋಟೆ ಮರಳಿದವು. ಬಡವರ ಮೇಲಿನ ಹಣದ ಒತ್ತಡವನ್ನು ಲೆಕ್ಕಕ್ಕೆ ಹಿಡಿದಾಗ ಎರಡು ವರ್ಗಗಳ ವ್ಯತ್ಯಾಸ ಮಾಯವಾಯಿತು. ಅಂದರೆ ಸ್ವಭಾವದಲ್ಲಿ ಯಾರೂ ಮೇಲಲ್ಲ, ಯಾರೂ ಕೀಳಲ್ಲ. ಇದ್ದವರಿಗೆ ಕೊಡುವುದು ಸಲೀಸು. ಹಾಗಾಗಿ ಅವರಿಂದ ಹೆಚ್ಚು ಕೇಳುವುದರಲ್ಲಿ ಅನ್ಯಾಯವೇನೂ ಇಲ್ಲ.

ಭಾರತದಲ್ಲಿ ಕಾನೂನೇ ಕೇಳತೊಡಗಿತು. 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ತಾವು ವ್ಯವಹಾರ ನಡೆಸುವ ಪ್ರದೇಶಕ್ಕೆ ಆದ್ಯತೆ ಕೊಡಿ ಎಂದೂ ಕಾನೂನು ಹೇಳುತ್ತದೆ. ದೊಡ್ಡ ಕಾರ್ಖಾನೆ, ಪ್ರಧಾನ ಕಚೇರಿಗಳಿಲ್ಲದ ನಾರಾಯಣಪೇಟೆ, ಗದ್ವಾಲ ಜಿಲ್ಲೆಗಳಿಗೆ ಇಲ್ಲೇ ಪೆಟ್ಟು ಬಿದ್ದಿದ್ದು. 2011ರ ಜನಗಣತಿಯಂತೆ ಎರಡೂ ಕಡೆ ಸಾಕ್ಷರತೆ ಶೇ. 50ರ ಆಸುಪಾಸು, ರಾಜ್ಯದಲ್ಲೇ ತೀರಾ ಕೆಳಗೆ.

ಕಾನೂನನ್ನು ಕಾಯದೆ ಕೊಟ್ಟವರೂ ಇದ್ದಾರೆ. ಅಜೀಂ ಪ್ರೇಮ್‌ಜಿ 2019ರಲ್ಲಿ ವಿಪ್ರೋದ ಇನ್ನಷ್ಟು ಷೇರುಗಳ ಫಲವನ್ನು ಬಿಟ್ಟುಕೊಟ್ಟಾಗ ಅವರ ಒಟ್ಟು ದತ್ತಿ 1.45 ಲಕ್ಷ ಕೋಟಿ ರೂಪಾಯಿ ಮುಟ್ಟಿತು. ಅವರ ಪ್ರತಿಷ್ಠಾನ 2024ರಲ್ಲಿ ಕರ್ನಾಟಕ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು, ಮೂರು ವರ್ಷಕ್ಕೆ ಸುಮಾರು 1,500 ಕೋಟಿ ಕೊಟ್ಟು ಶಾಲಾಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಸಿಗುವಂತೆ ಮಾಡಿತು. ಯಾದಗಿರಿ, ರಾಯಚೂರಿನ ಮಕ್ಕಳ ತಟ್ಟೆಗೆ ಅದು ಬಂತು. ಒಪ್ಪಂದ ಒಂದು ರಾಜ್ಯದ್ದಾದ್ದರಿಂದ, ಕೃಷ್ಣಾ ಸೇತುವೆಯ ಈಚೆ ತೆಲಂಗಾಣದ ಕಡೆ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ಅದರ ಹೊರಗೇ ಉಳಿದರು.

ಇಲ್ಲಿಯವರು ದೇಶದುದ್ದಕ್ಕೂ ಅಣೆಕಟ್ಟು ಕಟ್ಟಿದರು, ಕಾಲುವೆ ತೋಡಿದರು, ನಗರಗಳ ಕಟ್ಟಡ ಎಬ್ಬಿಸಿದರು. ‘ಪಾಲಮೂರು ಲೇಬರ್’ ಎಂದರೆ ಗುತ್ತಿಗೆದಾರರಿಗೆ ಬೇಗ ಅರ್ಥವಾಗುತ್ತದೆ. ಆ ದುಡಿಮೆಯಿಂದ ಲಾಭ ಕಂಡ ಕಂಪನಿಗಳು ಕಚೇರಿಯಿರುವ ಊರಿನ ಜೊತೆಗೆ ಕೂಲಿಕಾರರ ಊರನ್ನೂ ತಮ್ಮ ಪ್ರದೇಶವೆಂದು ಎಣಿಸಲಿ. ಕಾನೂನು ಅದಕ್ಕೆ ಅಡ್ಡಿ ಬರುವುದಿಲ್ಲ. ಹೈದರಾಬಾದು, ಬೆಂಗಳೂರುಗಳಲ್ಲಿ ಚೆನ್ನಾಗಿ ಗಳಿಸುತ್ತಿರುವ ನಾರಾಯಣಪೇಟೆ, ಮಕ್ತಲ್, ಗದ್ವಾಲದ ಬಂಧುಗಳಲ್ಲೂ ಇದೇ ವಿನಂತಿ. ಈ ಬಾರಿ ಜಾತ್ರೆಗೆ ಬಂದಾಗ ಊರಿನ ಸರ್ಕಾರಿ ಶಾಲೆಗೂ ಹೋಗಿ ಬನ್ನಿ, ಅಲ್ಲಿ ಏನು ಬೇಕಾಗಿದೆ ಎಂದು ಮೇಷ್ಟ್ರನ್ನು ಕೇಳಿ, ಕೊಟ್ಟು ಹೊರಡಿ.